ಮುದಿ ಕುದುರೆ ಮೈ ತುಂಬ್ಕೊಳ್ಳೋಕೆ ಏನ್ ತಿನ್ನಿಸ್ಬೇಕು?

ಪ್ರಶ್ನೆ: ನಮ್ಮ ಹೆಣ್ಣು ಕುದುರೆಗೆ 24 ವರ್ಷ. ಕೆಲವು ತಿಂಗಳಿಂದ ಪಕ್ಕೆಲುಬು ಎದ್ದು ಕಾಣ್ತಿದೆ. ಓಟ್ಸ್ ಜಾಸ್ತಿ ಮಾಡಿದ್ರೂ ಮೈ ಹತ್ತುತ್ತಿಲ್ಲ, ಒಣಹುಲ್ಲನ್ನ ಅರ್ಧಂಬರ್ಧ ಅಗಿದು ಉಂಡೆ ಮಾಡಿ ಬೀಳಿಸಿಬಿಡ್ತಾಳೆ. ಇನ್ನೇನು ಕೊಡ್ಲಿ?

ಉತ್ತರ: ಓಟ್ಸ್ ಹೆಚ್ಚಿಸೋದನ್ನ ಇವತ್ತೇ ನಿಲ್ಲಿಸಿ. ಆ ಹುಲ್ಲಿನುಂಡೆ ಬೀಳ್ತಿದೆ ಅಂದ್ರೆ ತೊಂದ್ರೆ ಹೆಚ್ಚಾಗಿ ಬಾಯಲ್ಲೇ ಇರತ್ತೆ, ದವಡೆ ಹಲ್ಲು ಸವೆದಿರಬಹುದು, ಅಲ್ಲಾಡ್ತಿರಬಹುದು, ಚೂಪಾಗಿ ಕೆನ್ನೆಗೆ ಚುಚ್ಚುತ್ತಿರಬಹುದು. ಮೊದ್ಲು ಡಾಕ್ಟರ್ ಹತ್ರ ಹಲ್ಲು ತೋರಿಸಿ, ಹಾಗೇ ಜಂತುಹುಳಕ್ಕೆ ಲದ್ದಿ ಟೆಸ್ಟ್ ಮಾಡಿಸಿ. ಬೇಸಿಗೆ ಬಂದ್ರೂ ಉದ್ದ ಕೂದಲು ಉದುರದೇ ಇದ್ರೆ, ನೀರು ಜಾಸ್ತಿ ಕುಡೀತಿದ್ರೆ ಕುಶಿಂಗ್ಸ್ ಕಾಯಿಲೆಗೆ (ಮುದಿ ಕುದುರೆಗಳಿಗೆ ಬರೋ ಹಾರ್ಮೋನ್ ತೊಂದ್ರೆ) ರಕ್ತ ಪರೀಕ್ಷೆನೂ ಬೇಕು, ಯಾಕಂದ್ರೆ ಅಂಥ ಕುದುರೆಗಳಿಗೆ ಕಾಳು, ಬೆಲ್ಲದಪಾಕ ಸುರಿದ್ರೆ ಗೊರಸಿನ ಉರಿಯೂತ ಬರೋ ಅಪಾಯ ತುಂಬಾ ಜಾಸ್ತಿ.

ಆಮೇಲೆ ಮೇವು. ಕುದುರೆಗೆ ಶಕ್ತಿ ಸಿಗೋದು ಮುಖ್ಯವಾಗಿ ನಾರಿನಿಂದ, ದೊಡ್ಡ ಕರುಳಲ್ಲಿರೋ ಸೂಕ್ಷ್ಮಜೀವಿಗಳು ಅದನ್ನ ಹುಳಿಸಿ ಕೊಡ್ತವೆ, ಹಾಗಾಗಿ ನಾರು ಕಮ್ಮಿ ಮಾಡೋದಲ್ಲ, ಅಗಿಯೋ ಕಷ್ಟ ತಪ್ಪಿಸ್ಬೇಕು. ಹುಲ್ಲಿನ ಪೆಲೆಟ್ (ಒತ್ತಿ ಮಾಡಿದ ಗುಳಿಗೆ), ಕುದುರೆಮಸಾಲೆ ಸೊಪ್ಪಿನ ಪೆಲೆಟ್, ಕಾಕಂಬಿ (ಮೊಲಾಸಸ್) ಸೇರಿಸದ ಬೀಟ್ ಪಲ್ಪ್ (ಸಕ್ಕರೆ ತೆಗೆದ ಮೇಲೆ ಉಳಿಯೋ ಬೀಟ್ ಗೆಡ್ಡೆಯ ಸಿಪ್ಪೆ) ಇವನ್ನ ನೀರಲ್ಲಿ ಚೆನ್ನಾಗಿ ನೆನೆಸಿ ಗಂಜಿ ತರ ಕೊಡಿ. ಒಣಗಿದ್ದು ಕೊಟ್ರೆ ಗಂಟಲಲ್ಲಿ ಸಿಕ್ಕೊಳ್ಳತ್ತೆ, ಈ ವಯಸ್ಸಲ್ಲಿ ಅದು ನಿಜಕ್ಕೂ ಅಪಾಯ. 500 ಕಿಲೋ ತೂಗೋ ಕುದುರೆಗೆ ದಿನಕ್ಕೆ ಎಲ್ಲಾ ಸೇರಿ ಸುಮಾರು 10 ಕಿಲೋ, ನೆನೆಸೋಕೆ ಮುಂಚೆ ತೂಕ ಮಾಡ್ಕೊಳ್ಳಿ, ಒಂದೇ ಸಲ ಹಾಕದೆ ನಾಲ್ಕೈದು ಸಲ ಹಂಚಿ.

ಇನ್ನೂ ಕ್ಯಾಲೊರಿ ಬೇಕಂದ್ರೆ ಅಡುಗೆ ಎಣ್ಣೆ ಒಳ್ಳೇದು. ದಿನಕ್ಕೆ 50 ಮಿಲಿಯಿಂದ ಶುರು ಮಾಡಿ ಎರಡ್ಮೂರು ವಾರದಲ್ಲಿ 250 ಮಿಲಿವರೆಗೆ ಏರಿಸಿ, ಜೊತೆಗೆ ವಿಟಮಿನ್ ಇ ಎಷ್ಟು ಅಂತ ಡಾಕ್ಟರನ್ನ ಕೇಳಿ. ಎಣ್ಣೆಯಿಂದ ಕೊಬ್ಬು ಬರತ್ತೆ ಅಷ್ಟೆ, ಬೆನ್ನಿನ ಮಾಂಸ ಕರಗಿದ್ರೆ ಒಳ್ಳೆ ಪ್ರೋಟೀನ್ ಬೇಕು, ಅದಕ್ಕೆ ಸ್ವಲ್ಪ ಸೋಯಾ ಹಿಂಡಿ ಸಾಕು. ಏನೇ ಬದಲಾಯಿಸಿದ್ರೂ 10ರಿಂದ 14 ದಿನ ತಗೊಂಡು ನಿಧಾನಕ್ಕೆ ಮಾಡಿ, ಇಲ್ಲಾಂದ್ರೆ ಹೊಟ್ಟೆನೋವು ಬರಬಹುದು.

ಬೇರೆ ಕುದುರೆಗಳಿದ್ರೆ ಇವಳಿಗೆ ಬೇರೆ ಕಡೆ ಹಾಕಿ, ಮುದಿಯನ್ನ ಓಡಿಸಿ ಅವೇ ತಿಂದುಬಿಡ್ತವೆ. ಕಣ್ಣಳತೆ ನಂಬ್ಬೇಡಿ, ಕೂದಲಡಿ ಪಕ್ಕೆಲುಬು ಮುಚ್ಚಿಹೋಗತ್ತೆ, ಎರಡು ವಾರಕ್ಕೊಮ್ಮೆ ಕೈಯಿಂದ ಮುಟ್ಟಿ, ಎದೆ ಸುತ್ತಳತೆ ಟೇಪಲ್ಲಿ ಅಳೆದು ಬರೆದಿಡಿ. ಗೊತ್ತಾಗೋ ಅಷ್ಟು ಮೈ ಬರೋಕೆ ಎರಡ್ಮೂರು ತಿಂಗಳಾದ್ರೂ ಬೇಕು. ಅಷ್ಟಾದ್ರೂ ಏನೂ ಬದಲಾಗ್ಲಿಲ್ಲ ಅಂದ್ರೆ ಮೇವು ಇನ್ನೂ ಹೆಚ್ಚಿಸ್ಬೇಡಿ, ಲಿವರ್, ಕಿಡ್ನಿ ಪರೀಕ್ಷೆ ಮಾಡಿಸಿ.