ಅವರು ಒಂದೇ ಸಲ ಕೇಳುತ್ತಾರೆ

ನಿಮ್ಮ ಪ್ರಶ್ನೆ ಇದು: "ಅಕ್ಕಾ, ಹ್ಯಾಮಿಲ್ಟನ್‌ಗೆ ಬಂದು ಸ್ವಲ್ಪ ದಿನ ಆಯಿತು. ಆಫೀಸಿನಲ್ಲಿ ಊಟದ ಹೊತ್ತಿಗೆ ಎಲ್ಲರೂ ಸೇರಿ ಪೇಪರಿನ ಕ್ರಾಸ್‌ವರ್ಡ್ ತುಂಬುತ್ತಾರೆ. ಬರೀ ಕೆನಡಾದ ವಿಷಯ. ನನಗೆ ಒಂದೂ ಬರುವುದಿಲ್ಲ. ಕಲಿತರೆ ಸಿಟಿಜನ್‌ಶಿಪ್ ಪರೀಕ್ಷೆಗೆ ಉಪಯೋಗ ಆಗುತ್ತದಾ? ಚಳಿ, ಬಾಡಿಗೆ ಬಗ್ಗೆಯೂ ಹೇಳಿ."

ಚಳಿಗೆ ಜಾಕೆಟ್ಟಿಗಿಂತ ಮೊದಲು ಒಳ್ಳೆಯ ಬೂಟು ಕೊಳ್ಳಿ. ಪರೀಕ್ಷೆಗೆ ಸರ್ಕಾರದ 'ಡಿಸ್ಕವರ್ ಕೆನಡಾ' ಪುಸ್ತಕ ಪುಕ್ಕಟೆ ಸಿಗುತ್ತದೆ, ಅದನ್ನೇ ಓದಿ. 20 ಪ್ರಶ್ನೆ, 15 ಸರಿಯಾದರೆ ಪಾಸ್. ನ್ಯೂಫೌಂಡ್‌ಲ್ಯಾಂಡ್ ಕೆನಡಾಕ್ಕೆ ಸೇರಿದ್ದು 1949ರಲ್ಲಿ, ಉತ್ತರದ ನೂನವುಟ್ ಪ್ರದೇಶ ಆಗಿದ್ದು 1999ರಲ್ಲಿ, ಇಂಥವು ಎರಡೂ ಕಡೆ ಕೆಲಸಕ್ಕೆ ಬರುತ್ತವೆ.

ಇನ್ನು ಕ್ರಾಸ್‌ವರ್ಡ್. ಮೊದಲು ತಲೆಬರಹ ನೋಡಿ, ಥೀಮಿನ ಸುಳಿವು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಅಡ್ಡಸಾಲಿನ ಉದ್ದನೆಯ ಮೂರು ನಾಲ್ಕು ಉತ್ತರಗಳು ಒಂದೇ ಸಂಗತಿಗೆ ಸೇರಿದವು. ಒಂದು ಸಿಕ್ಕಿದರೆ ಉಳಿದವನ್ನು ಊಹಿಸಬಹುದು. ಚಿಲ್ಲರೆ ಕಾಸಿನ ಥೀಮು ಅಂದುಕೊಳ್ಳಿ. 1987ರಲ್ಲಿ ಬಂದ ಒಂದು ಡಾಲರ್ ನಾಣ್ಯದ ಮೇಲೆ ಲೂನ್ ಹಕ್ಕಿ, ಅದಕ್ಕೇ ಲೂನಿ. 1996ರ ಎರಡು ಡಾಲರಿನದು ಟೂನಿ, ಅದರ ಮೇಲೆ ಹಿಮಕರಡಿ. ಸಣ್ಣ ಉತ್ತರಗಳು ತಿರುಗಿ ತಿರುಗಿ ಬರುತ್ತವೆ. ಇಂಗ್ಲಿಷಿನಲ್ಲಿ ನಾಲ್ಕು ಅಕ್ಷರದ ಸರೋವರ ಅಂದರೆ ಈರಿ (Erie). ಮೂರಕ್ಷರದ ಐಸ್ ಹಾಕಿ ಆಟಗಾರ ಅಂದರೆ ಕಣ್ಣು ಮುಚ್ಚಿ ಬಾಬಿ ಆರ್ (Orr). ಸುಳಿವಿನಲ್ಲಿ ಹ್ರಸ್ವರೂಪ ಇದ್ದರೆ ಉತ್ತರವೂ ಹ್ರಸ್ವವೇ: 'ಗ್ರೇ ಕಪ್ ನಡೆಸುವ ಫುಟ್‌ಬಾಲ್ ಲೀಗ್, ಸಂಕ್ಷಿಪ್ತವಾಗಿ' ಅಂದರೆ ಸಿಎಫ್‌ಎಲ್, ಅಂದರೆ ಕೆನಡಿಯನ್ ಫುಟ್‌ಬಾಲ್ ಲೀಗ್. ಸ್ಪೆಲಿಂಗ್‌ನಲ್ಲಿ ಹುಷಾರು. 'ಕಲರ್'ಗೆ ಬ್ರಿಟಿಷರ ಹಾಗೆ ಯು ಬೇಕು, ಗಾಡಿಯ 'ಟೈರ್'ಗೆ ಮಾತ್ರ ಅಮೆರಿಕದವರ ಹಾಗೆ ಐ. ಒತ್ತಕ್ಷರ ಸಮೇತ ಒಂದೇ ಚೌಕಕ್ಕೆ ಹಾಕುವ ನಮ್ಮ ಪದಬಂಧದವರಿಗೆ ಇಲ್ಲಿಯ ಚೌಕಗಳ ಲೆಕ್ಕ ಮೊದಮೊದಲು ಕೈಕೊಡುತ್ತದೆ.

ಇದೆಲ್ಲ ನಾಲ್ಕು ವಾರದಲ್ಲಿ ಬಂದುಬಿಡುತ್ತದೆ ಮಾರಾಯ್ರೇ. ಬಾರದೇ ಇದ್ದದ್ದು ಬೇರೆ.

ನನ್ನ ಮೊದಲ ಕೆಲಸ ಒಂದು ಅಕೌಂಟ್ಸ್ ಆಫೀಸಿನಲ್ಲಿ. ಅಲ್ಲೂ ಇಂಥದ್ದೇ ಟೇಬಲ್ಲು. ನಿವೃತ್ತಿಗೆ ಹತ್ತಿರ ಬಂದಿದ್ದ ಒಬ್ಬರು ಹೆಂಗಸಿನ ಕೈಯಲ್ಲಿ ಪೆನ್ನು. ಒಂದು ದಿನ ಅವರು ನನ್ನ ಕಡೆ ತಿರುಗಿ, "ಭಾರತದ ಬ್ರೆಡ್ಡು, ನಾಲ್ಕು ಅಕ್ಷರ, ಬಾ ಹೇಳು" ಅಂದರು. ನಾನ್ ಆಗಬಹುದು, ರೋಟಿಯೂ ಆಗಬಹುದು, ಎರಡಕ್ಕೂ ಇಂಗ್ಲಿಷಿನಲ್ಲಿ ನಾಲ್ಕೇ ಅಕ್ಷರ. ನಾನು ಮಾತ್ರ "ಅಯ್ಯೋ, ಪರವಾಗಿಲ್ಲ, ನೀವೇ ಮಾಡಿ" ಅಂದೆ. ಊರಿನಲ್ಲಾದರೆ ಏನಾಗುತ್ತಿತ್ತು ಅಂತ ನಿಮಗೆ ಹೇಳಬೇಕಾಗಿಲ್ಲ. ಎರಡು ಸಲ ಬೇಡ ಅನ್ನುವುದು ನಮ್ಮ ಮರ್ಯಾದೆ, ಮೂರನೇ ಸಲ ಕೈಹಿಡಿದು ಕೂರಿಸುವುದು ಅವರ ಮರ್ಯಾದೆ. ಇಲ್ಲಿ ಬೇಡ ಅಂದರೆ ಬೇಡ. ನನ್ನ ಮಾತಿಗೆ ಬೆಲೆ ಕೊಟ್ಟು ಅವರು ಮತ್ತೆ ಕರೆಯಲಿಲ್ಲ. ಆ ಚಳಿಗಾಲವೆಲ್ಲ ನಾನು ಪಕ್ಕದ ಟೇಬಲ್ಲಿನಲ್ಲಿ ಒಬ್ಬಳೇ ಚಿತ್ರಾನ್ನ ತಿಂದೆ. ಆಗ ನನ್ನ ಮಟ್ಟಿಗೆ ಅವರದು ಗರ್ವ ಅನ್ನಿಸಿತ್ತು. ಬೇಸಿಗೆಗೆ ಮುಂಚೆ ಅವರು ನಿವೃತ್ತರಾದರು.

ಆಮೇಲೆ ತಿಳಿಯಿತು, ಇಲ್ಲಿಯ ಕ್ರಾಸ್‌ವರ್ಡಿನ ಅರ್ಧ ಉತ್ತರಗಳು ಜನರ ನೆನಪಿನವು ಅಂತ. 1972ರ ಸೆಪ್ಟೆಂಬರ್ 28, ಮಾಸ್ಕೋದಲ್ಲಿ ಸೋವಿಯತ್ ತಂಡದ ಜೊತೆ ಐಸ್ ಹಾಕಿ ಸರಣಿಯ ಎಂಟನೇ, ಕೊನೆಯ ಪಂದ್ಯ. 34 ಸೆಕೆಂಡ್ ಉಳಿದಿರುವಾಗ ಪಾಲ್ ಹೆಂಡರ್ಸನ್ ಗೋಲು ಹೊಡೆದರು, ಕೆನಡಾ 6-5ರಿಂದ ಗೆದ್ದಿತು. ಆ ಮಧ್ಯಾಹ್ನ ಎಷ್ಟೋ ಶಾಲೆಗಳಲ್ಲಿ ಪಾಠ ನಿಲ್ಲಿಸಿ ಮಕ್ಕಳಿಗೆ ಟಿವಿ ಹಾಕಿದ್ದರಂತೆ. 1980ರಲ್ಲಿ ಕ್ಯಾನ್ಸರಿನಿಂದ ಒಂದು ಕಾಲು ಕಳೆದುಕೊಂಡಿದ್ದ ಟೆರ್ರಿ ಫಾಕ್ಸ್, ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು, ಕೃತಕ ಕಾಲಿನಲ್ಲಿ ಸೇಂಟ್ ಜಾನ್ಸ್‌ನಿಂದ ಥಂಡರ್ ಬೇ ಹತ್ತಿರದವರೆಗೆ 5,373 ಕಿಲೋಮೀಟರ್ ಓಡಿದರು. ಅವರು ಹಾದುಹೋಗಿದ್ದನ್ನು ರಸ್ತೆ ಬದಿಯಲ್ಲಿ ನಿಂತು ನೋಡಿದವರು ನಿಮ್ಮ ಆಫೀಸಿನಲ್ಲೇ ಇರಬಹುದು. ಆ ಹೆಂಗಸಿನ ಶಾಲೆಯಲ್ಲೂ ಟಿವಿ ಹಾಕಿದ್ದರಾ ಅಂತ ನಾನು ಕೇಳಲೇ ಇಲ್ಲ. ಈಗ ಕೇಳೋಣ ಅಂದರೆ ಅವರೆಲ್ಲಿದ್ದಾರೋ.

ಅದಕ್ಕೇ ಫೋನಿನಲ್ಲಿ ಉತ್ತರ ಹುಡುಕಬೇಡಿ, ಬಾಯಿ ಬಿಟ್ಟು ಕೇಳಿ. ಕರೆದರೆ ಮೊದಲ ಸಲವೇ ಕುರ್ಚಿ ಎಳೆದು ಕೂತುಬಿಡಿ. ಒಂದೂ ಬರದಿದ್ದರೂ ಪರವಾಗಿಲ್ಲ. ಕರೆಯದಿದ್ದರೆ "ನಾನೂ ನೋಡಲಾ" ಅಂದರೆ ಸಾಕು, ಯಾರೂ ತಪ್ಪು ತಿಳಿಯುವುದಿಲ್ಲ.

ಅವರಿಗೂ ಒಂದು ಪ್ರಶ್ನೆ ಹಾಕಿ. ನಮ್ಮ ಸಂಘದ ರಾಜ್ಯೋತ್ಸವಕ್ಕೆ ಮಕ್ಕಳಿಗೆ ನಾನು ಒಂದು ಕ್ರಾಸ್‌ವರ್ಡ್ ಮಾಡಿದ್ದೆ. ಒಂದು ಸುಳಿವು ಹೀಗಿತ್ತು: '2022ರಲ್ಲಿ ಕೆನಡಾ ಸಂಸತ್ತಿನಲ್ಲಿ ಕನ್ನಡ ಮಾತನಾಡಿದ ಸಂಸದ, ನಾಲ್ಕು ಅಕ್ಷರ.' ಶಿರಾ ಕಡೆಯ ಚಂದ್ರ ಆರ್ಯ ಅವರು. ಇಂಗ್ಲಿಷಿನಲ್ಲಿ ಆರ್ಯಕ್ಕೆ ಸರಿಯಾಗಿ ನಾಲ್ಕೇ ಅಕ್ಷರ. ಅದನ್ನೇ ಆಫೀಸಿನಲ್ಲಿ ಕೇಳಿದೆ, ಒಬ್ಬರಿಗೂ ಬರಲಿಲ್ಲ! ಅವತ್ತಿನಷ್ಟು ಖುಷಿಯಿಂದ ನಾನು ಯಾವತ್ತೂ ಊಟ ಮಾಡಿಲ್ಲ.

ಬಾಡಿಗೆ ವಿಷಯ ಇನ್ನೊಮ್ಮೆ ಬರೆಯುತ್ತೇನೆ, ಅದರಲ್ಲಿ ಸಿಹಿ ಸುದ್ದಿ ಏನೂ ಇಲ್ಲ. ಅಷ್ಟರೊಳಗೆ ಒಪ್ಪಂದದ ಕಾಗದ ಓದದೆ ಯಾರಿಗೂ ಅಡ್ವಾನ್ಸ್ ಕಳಿಸಬೇಡಿ.