ಮುರುಡೇಶ್ವರದಲ್ಲಿ ಸ್ಕೂಬಾ ಡೈವಿಂಗ್‌ಗೆ ಯಾವಾಗ ಹೋದ್ರೆ ಒಳ್ಳೇದು, ಈಜು ಬರ್ಲೇಬೇಕಾ?

ಈಜು ಬರ್ದೇ ಇದ್ರೂ ನಡಿಯತ್ತೆ. ಮೊದಲನೇ ಸಲದವ್ರ ಜೊತೆ ಟ್ರೇನರ್ ಕೊನೇವರೆಗೂ ಇರ್ತಾರೆ, ಅವ್ರನ್ನ 12 ಮೀಟರ್‌ಗಿಂತ ಆಳಕ್ಕೆ ಕರ್ಕೊಂಡು ಹೋಗೋ ಹಾಗೂ ಇಲ್ಲ. ಸೀಸನ್ ಅಕ್ಟೋಬರ್‌ನಿಂದ ಮೇ ತನಕ, ಮಳೆಗಾಲದಲ್ಲಿ ಬಂದ್. ನನ್ನ ಕೇಳಿದ್ರೆ ಡಿಸೆಂಬರ್, ಜನವರಿ ಬೆಸ್ಟು.

ಡೈವ್ ಮಾಡ್ಸೋದು ಬೀಚಲ್ಲಲ್ಲ, ನೇತ್ರಾಣಿ ದ್ವೀಪದ ಹತ್ರ, ದಡದಿಂದ ಹೆಚ್ಚುಕಮ್ಮಿ 19 ಕಿಮೀ ಆಗತ್ತೆ, ಬೋಟಲ್ಲಿ ಒಂದು ಒಂದೂವರೆ ಗಂಟೆ ಹಿಡಿಯತ್ತೆ, ಸುಮಾರು ಜನಕ್ಕೆ ನೀರಿನ ಭಯಕ್ಕಿಂತ ಈ ಬೋಟಲ್ಲಿ ಬರೋ ವಾಂತಿನೇ ದೊಡ್ಡ ಕಾಟ, ಅದಕ್ಕೇ ಬೆಳಿಗ್ಗೆ ಎರಡು ಇಡ್ಲಿ ಸಾಕು, ಡಾಕ್ಟರ್ ಹತ್ರ ಮೊದಲೇ ಕೇಳಿ ಒಂದು ಮಾತ್ರೆ ಇಟ್ಕೊಳ್ಳಿ.

ಶೀತ, ಕಿವಿನೋವು ಇದ್ರೆ ದಯವಿಟ್ಟು ಆ ದಿನ ಇಳೀಬೇಡಿ, ದುಡ್ಡು ಹೋದ್ರೂ ಚಿಂತೆ ಇಲ್ಲ. ಇಳೀತಾ ಇಳೀತಾ ಒತ್ತಡ ಜಾಸ್ತಿ ಆಗತ್ತೆ, ಮೂಗು ಹಿಡ್ಕೊಂಡು ಮೆಲ್ಲಗೆ ಗಾಳಿ ಊದಿ ಕಿವಿ ಬಿಡಿಸ್ಕೋಬೇಕು, ಮೂಗು ಕಟ್ಟಿದ್ರೆ ಅದು ಆಗಲ್ಲ, ಕಿವಿಗೆ ಪೆಟ್ಟಾಗತ್ತೆ. ಉಸಿರಂತೂ ಯಾವತ್ತೂ ಹಿಡೀಬೇಡಿ, ಎಳೀತಾ ಬಿಡ್ತಾ ಇರಿ. ಅಸ್ತಮಾ, ಹಾರ್ಟ್ ತೊಂದ್ರೆ ಇದ್ರೆ ಡಾಕ್ಟರ್ ಒಪ್ಪಿಗೆ ಬೇಕೇ ಬೇಕು, ಫಾರ್ಮಲ್ಲಿ ಮುಚ್ಚಿಡ್ಬೇಡಿ.

ಇನ್ನೊಂದು, ಪ್ಲಾನ್ ಮಾಡುವಾಗ ಕೊನೇ ದಿನಕ್ಕೆ ಡೈವ್ ಇಡ್ಬೇಡಿ. ಆಳದಲ್ಲಿ ಮೈಗೆ ಸೇರಿದ ನೈಟ್ರೋಜನ್ ಹೊರಗೆ ಹೋಗೋಕೆ ಟೈಮ್ ಬೇಕು, ಮಂಗಳೂರಿಂದಲೋ ಗೋವಾದಿಂದಲೋ ಫ್ಲೈಟ್ ಇದ್ರೆ 18 ಗಂಟೆನಾದ್ರೂ ಗ್ಯಾಪ್ ಬಿಡಿ. ರೈಲಿಗಾದ್ರೆ ಮುರುಡೇಶ್ವರದಲ್ಲೇ ಸ್ಟೇಷನ್ ಇದೆ. ಡೈವ್ ಮುಗಿಸಿದ ಸಂಜೆ 20 ಅಂತಸ್ತಿನ ರಾಜಗೋಪುರ ಹತ್ತಿ, ಲಿಫ್ಟ್ ಇದೆ, ಮೇಲಿಂದ ಸಮುದ್ರ ನೋಡೋಕೆ ತುಂಬಾ ಚೆನ್ನಾಗಿರತ್ತೆ.