ಡೌನ್ ಸಿಂಡ್ರೋಮ್ ಇರುವ ತಮ್ಮನಿಗೆ ಶಾಲೆ ಮುಗಿದ ಮೇಲೆ ಕೆಲಸ ಸಿಗುತ್ತದಾ?

ನಿಮ್ಮ ತಮ್ಮನಿಗೆ 17 ವರ್ಷ, ಡೌನ್ ಸಿಂಡ್ರೋಮ್ ಇದೆ, ಹಾವೇರಿ ಕಡೆಯ ವಿಶೇಷ ಶಾಲೆಗೆ ಹೋಗುತ್ತಿದ್ದಾನೆ, ಮುಂದಿನ ವರ್ಷ ಶಾಲೆ ಮುಗಿಯುತ್ತದೆ, ಇವನನ್ನು ಯಾರು ಕೆಲಸಕ್ಕೆ ತಗೊಳ್ಳುತ್ತಾರೆ ಅಂತ ಕೇಳಿದ್ದೀರಿ. ತಗೊಳ್ಳುತ್ತಾರೆ. ನಾನು ಧಾರವಾಡದ ಕಡೆ ಇಂಥ ಮಕ್ಕಳಿಗೆ ವೃತ್ತಿ ತರಬೇತಿ ಕೊಡುವ ಶಿಕ್ಷಕಿ, ಕಣ್ಣಾರೆ ಕಂಡೇ ಹೇಳುತ್ತಿದ್ದೇನೆ. ಆದರೆ ಶಾಲೆ ಮುಗಿಯಲಿ ಅಂತ ಕಾಯಬೇಡಿ, ಈಗಲೇ ಹುಡುಕಲು ಶುರು ಮಾಡಿ. ಶಾಲೆ ಬಿಟ್ಟು ಆರು ತಿಂಗಳು ಟಿವಿ ಮುಂದೆ ಕೂತರೆ ಬೆಳಗ್ಗೆ ಎದ್ದು ತಯಾರಾಗುವ ರೂಢಿಯೇ ತಪ್ಪಿಹೋಗುತ್ತದೆ. ಅದನ್ನು ಮತ್ತೆ ಹಿಡಿಸುವುದು ಕೆಲಸ ಕಲಿಸುವುದಕ್ಕಿಂತ ಕಷ್ಟ.

"ಇನ್ನೂ ಸ್ವಲ್ಪ ಕಲಿಯಲಿ, ಆಮೇಲೆ ನೋಡೋಣ" ಅಂತ ಬಹಳ ತರಬೇತಿ ಕೇಂದ್ರಗಳಲ್ಲಿ ಹೇಳುತ್ತಾರೆ. ಅಲ್ಲಿ ಮಾಡಿಸುವುದು ಪೇಪರ್ ಕವರ್, ಮೇಣದಬತ್ತಿ, ಫಿನಾಯಿಲ್, ದೀಪಾವಳಿಗೆ ಹಣತೆಗೆ ಬಣ್ಣ. ಮೂವತ್ತು ದಾಟಿದವರೂ ಅದನ್ನೇ ಮಾಡುತ್ತಾ ಕೂತಿರುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಕೈಗೆ ಅಭ್ಯಾಸ ಆಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಡೌನ್ ಸಿಂಡ್ರೋಮಿನಂಥ ಬೌದ್ಧಿಕ ತೊಂದರೆ ಇರುವವರಿಗೆ ಒಂದು ಜಾಗದಲ್ಲಿ ಕಲಿತದ್ದನ್ನು ಇನ್ನೊಂದು ಜಾಗದಲ್ಲಿ ಮಾಡುವುದೇ ದೊಡ್ಡ ಕಷ್ಟ. ಶಾಲೆಯ ಮೇಜಿನ ಮೇಲೆ ಚೆಂದ ಪ್ಯಾಕ್ ಮಾಡುವ ಹುಡುಗ ಅಂಗಡಿಯ ಗಲಾಟೆಯಲ್ಲಿ ಸುಮ್ನೆ ನಿಂತುಬಿಡುತ್ತಾನೆ. ಹಾಗಾಗಿ ಮೊದಲು ಕೆಲಸದ ಜಾಗ ಹುಡುಕಿ, ಅಲ್ಲೇ ಕಲಿಸಿ.

ಹೇಗೆ ಅಂತೀರಾ? ನಮ್ಮಲ್ಲಿ ಓದಿದ ಒಬ್ಬ ಹುಡುಗ ಖಡಕ್ ರೊಟ್ಟಿ ಮಾಡಿ ಮಾರುವ ಒಂದು ಕಡೆ ಪ್ಯಾಕಿಂಗ್ ಮಾಡುತ್ತಾನೆ. ಪ್ಯಾಕೆಟ್ಟಿಗೆ 10 ರೊಟ್ಟಿ. ಅವನಿಗೆ ನಾಲ್ಕರ ಮೇಲೆ ಎಣಿಕೆ ಬರುವುದಿಲ್ಲ. ಅಡುಗೆಮನೆಯಲ್ಲಿ ತಟ್ಟೆ ನಿಲ್ಲಿಸುವ ಸ್ಟೀಲ್ ಸ್ಟ್ಯಾಂಡ್ ಇರುತ್ತದಲ್ಲ, ಅದರಲ್ಲಿ 10 ಸಂದು ಮಾತ್ರ ಬಿಟ್ಟು ಉಳಿದದ್ದಕ್ಕೆ ಟೇಪ್ ಸುತ್ತಿ ಕೊಟ್ಟೆವು. ಸಂದಿಗೊಂದು ರೊಟ್ಟಿ, ಎಲ್ಲ ತುಂಬಿದರೆ ಪ್ಯಾಕೆಟ್ಟಿಗೆ. ಎಣಿಸುವ ಮಾತೇ ಇಲ್ಲ. ಶುರುವಿನಲ್ಲಿ ನಮ್ಮ ಶಿಕ್ಷಕರೊಬ್ಬರು ಇಡೀ ದಿನ ಪಕ್ಕದಲ್ಲೇ ಇದ್ದರು, ಆಮೇಲೆ ಅರ್ಧ ದಿನ, ಆಮೇಲೆ ಬಂದು ನೋಡಿ ಹೋಗುವುದು, ಈಗ ಬರೀ ಫೋನು. ಅಲ್ಲಿ ರೊಟ್ಟಿ ಬಡಿಯುವ ಒಬ್ಬ ಅಕ್ಕ ಅವನ ಬೆನ್ನಿಗೆ ನಿಂತರು, ಏನೇ ಗೊಂದಲ ಆದರೂ ಅವನು ಅವರ ಹತ್ತಿರ ಹೋಗುತ್ತಾನೆ. ಇಂಥ ಒಬ್ಬರು ಇಲ್ಲದ ಜಾಗಕ್ಕೆ, ಸಂಬಳ ಎಷ್ಟೇ ಇರಲಿ, ನಾನು ಮಕ್ಕಳನ್ನು ಕಳಿಸುವುದಿಲ್ಲ.

ಕೆಲಸ ಹೋಗುವುದು ಹೆಚ್ಚಾಗಿ ಕೈ ಬಾರದ್ದಕ್ಕೆ ಅಲ್ಲ, ನಡವಳಿಕೆಗೆ. ಈ ಮಕ್ಕಳಲ್ಲಿ ಕೆಲವರು ಕಂಡವರನ್ನೆಲ್ಲ ಅಪ್ಪಿಕೊಳ್ಳುತ್ತಾರೆ. ಏಳು ವರ್ಷಕ್ಕೆ ಎಲ್ಲರೂ ಮುದ್ದು ಮಾಡಿದ್ದು 20ಕ್ಕೆ ದೂರು ಬರಲು ಕಾರಣವಾಗುತ್ತದೆ. ನಿಮ್ಮ ತಮ್ಮನಿಗೂ ಆ ರೂಢಿ ಇದ್ದರೆ ಇವತ್ತಿನಿಂದಲೇ ಕೈ ಮುಗಿದು ನಮಸ್ಕಾರ ಮಾಡುವುದನ್ನು ಕಲಿಸಿ, ಮನೆಗೆ ಬರುವ ನೆಂಟರಿಗೂ ಅದೇ ಹೇಳಿ. ಹಾಗೇ ಶೌಚಾಲಯ ಎಲ್ಲಿ ಅಂತ ಕೇಳುವುದು, ಒಂದೇ ರೂಟಿನ ಬಸ್ಸು ಹತ್ತಿ ಇಳಿಯುವುದು, ದಾರಿ ತಪ್ಪಿದರೆ ನಿಮಗೆ ಫೋನ್ ಮಾಡುವುದು. ಬಸ್ಸಿನಲ್ಲಿ ಮೊದಲು ಪಕ್ಕದಲ್ಲಿ ಕೂತು, ಆಮೇಲೆ ಹಿಂದಿನ ಸೀಟಿನಲ್ಲಿ ಕೂತು, ಆಮೇಲೆ ಸ್ಟಾಪಿನಲ್ಲಿ ನಿಂತು ಕಾಯುತ್ತಾ ಕಲಿಸಿ.

ಕೆಲಸ ಆರಿಸುವ ಮುಂಚೆ ಡಾಕ್ಟರ ಹತ್ತಿರ ಹೋಗಿ ಬನ್ನಿ. ಡೌನ್ ಸಿಂಡ್ರೋಮ್ ಇರುವವರಲ್ಲಿ ಹೃದಯ ಮತ್ತು ಥೈರಾಯ್ಡ್ ತೊಂದರೆ ಜಾಸ್ತಿ. ಕೆಲವರಿಗೆ ಕತ್ತಿನ ಮೂಳೆಯ ಕೀಲು ಸಡಿಲ ಇರುತ್ತದೆ, ಅಂಥವರು ತಲೆ ಮೇಲೆ ಮೂಟೆ ಹೊರಬಾರದು. ನಿಮ್ಮ ಕಡೆ ಬ್ಯಾಡಗಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ ಸುಲಭಕ್ಕೆ ಸಿಗುತ್ತದೆ, ಕೈಗೂ ಸಲೀಸು. ಆದರೆ ಆ ಘಾಟಿನಲ್ಲಿ ದಿನವಿಡೀ ಕೂರುವುದು, ಪದೇ ಪದೇ ನೆಗಡಿ ಕಫ ಆಗುವ ಹುಡುಗನಿಗೆ ಬೇಡ ಅಂತ ನನ್ನ ಅಭಿಪ್ರಾಯ. ಬೇಕರಿ, ಸಸಿ ಬೆಳೆಸುವ ನರ್ಸರಿ, ಆಸ್ಪತ್ರೆಯಲ್ಲಿ ಬಟ್ಟೆ ಮಡಚುವುದು, ಹೋಟೆಲು, ಇವನ್ನು ನೋಡಿ. ನಿಮಗೆ ಹತ್ತಿರದ ಹುಬ್ಬಳ್ಳಿಯಲ್ಲೇ 2017ರಲ್ಲಿ ಮಿಟ್ಟಿ ಕೆಫೆ ಶುರುವಾಗಿದ್ದು, ಅಲ್ಲಿ ಕೆಲಸ ಮಾಡುವವರು ಅಂಗವಿಕಲರೇ. ತಮ್ಮನನ್ನು ಕರೆದುಕೊಂಡು ಹೋಗಿ, ಅಲ್ಲೇ ಚಹಾ ಕುಡಿದು ಬನ್ನಿ. ಲೆಮನ್ ಟ್ರೀ ಹೋಟೆಲಿನವರೂ ಡೌನ್ ಸಿಂಡ್ರೋಮ್ ಇರುವವರನ್ನು ಕೆಲಸಕ್ಕೆ ತಗೊಂಡಿದ್ದಾರೆ. ಬೆಂಗಳೂರಿನ ಎನೇಬಲ್ ಇಂಡಿಯಾ ಮತ್ತು 1959ರಿಂದ ಇರುವ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ) ಸಂಸ್ಥೆ ಅಂಗವಿಕಲರಿಗೆ ತರಬೇತಿ ಕೊಟ್ಟು ಕೆಲಸ ಕೊಡಿಸುತ್ತಾ ಬಂದಿವೆ, ಕೇಳಿ ನೋಡಿ.

ಸರ್ಕಾರಿ ನೌಕರಿ ಬಗ್ಗೆಯೂ ಕೇಳಿದ್ದೀರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅಂಗವಿಕಲರಿಗೆ ಶೇ. 4 ಮೀಸಲಾತಿ ಇದೆ, ಅದರಲ್ಲಿ ಶೇ. 1ರ ಗುಂಪಿನಲ್ಲಿ ಬೌದ್ಧಿಕ ಅಂಗವೈಕಲ್ಯ, ಆಟಿಸಂ ಎಲ್ಲ ಸೇರುತ್ತವೆ. ಆದರೆ ಹೆಚ್ಚಿನ ಹುದ್ದೆಗೆ ಓದಿನ ಸರ್ಟಿಫಿಕೇಟ್ ಬೇಕೇ ಬೇಕು. ಎನ್‌ಐಒಎಸ್‌ನಲ್ಲಿ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) 3, 5, 8ನೇ ತರಗತಿಗೆ ಸಮನಾದ ಪರೀಕ್ಷೆಗಳಿವೆ, ಅವನಿಗೆ ಆಗುವಷ್ಟು ಬರೆಸಿ. ಅದನ್ನೇ ನಂಬಿ ಕೂರಬೇಡಿ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ, ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ದಾರಿ ತೋರಿಸುತ್ತಾರೆ. ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷದವರೆಗೆ ಸಿಗುತ್ತದೆ. 18 ತುಂಬಿದ ಮೇಲೆ ಅವನ ಪರವಾಗಿ ಸಹಿ ಹಾಕುವ ಹಕ್ಕು ಅಪ್ಪ ಅಮ್ಮನಿಗೂ ತಾನಾಗಿ ಇರುವುದಿಲ್ಲ. ಬೇಕಾದರೆ ಜಿಲ್ಲಾಧಿಕಾರಿ ಮುಖ್ಯಸ್ಥರಾಗಿರುವ ಸ್ಥಳೀಯ ಸಮಿತಿಗೆ ಪೋಷಕತ್ವಕ್ಕೆ ಅರ್ಜಿ ಹಾಕಬೇಕು.

ಸಂಬಳದ ಮಾತು ಮೊದಲೇ ಆಡಿ. "ಟೈಂಪಾಸಿಗೆ ಬಂದು ಹೋಗಲಿ, ಚಹಾ ನಾಷ್ಟಾ ಕೊಡ್ತೀವಿ" ಅನ್ನುವವರು ಸಿಗುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಆದರೂ ಒಪ್ಪಬೇಡಿ. ಕಲಿಯುವ ಅವಧಿ ಒಂದು ತಿಂಗಳು ಅಂತ ಗೊತ್ತು ಮಾಡಿ, ಆಮೇಲೆ ಅದೇ ಕೆಲಸಕ್ಕೆ ಬೇರೆಯವರಿಗೆ ಕೊಡುವ ದರ ಕೇಳಿ, ದುಡ್ಡು ಅವನ ಹೆಸರಿನ ಖಾತೆಗೇ ಬರಲಿ. ಮೊದಲ ಸಂಬಳದಲ್ಲಿ ಅವನಿಗೆ ಏನು ಬೇಕು ಅಂತ ಅವನನ್ನೇ ಕೇಳಿ.

ಅವನು ಮನೆಯಲ್ಲಿ ಹೇಳಿಸಿಕೊಳ್ಳದೆ ತಾನಾಗಿ ಮಾಡುವ ಕೆಲಸ ಯಾವುದು? ಪಾತ್ರೆ ಜೋಡಿಸುತ್ತಾನಾ, ಗಿಡಕ್ಕೆ ನೀರು ಹಾಕುತ್ತಾನಾ, ಬಟ್ಟೆ ಮಡಚುತ್ತಾನಾ? ಎಷ್ಟು ಹೊತ್ತು ಒಂದೇ ಕಡೆ ಕೂರುತ್ತಾನೆ, ಗದ್ದಲ ತಡೆಯುತ್ತಾನಾ? ಇಷ್ಟನ್ನು ಕೆಳಗೆ ಬರೆಯಿರಿ, ನಿಮ್ಮ ಊರಿನಲ್ಲಿ ಯಾವ ಬಾಗಿಲು ಮೊದಲು ತಟ್ಟಬೇಕು ಅಂತ ಹೇಳುತ್ತೇನೆ.